ನಿಮ್ಮೂರ ಕುಂಬಾರ ಓಣಿಯ ಹಿರಿಯರು ಯಾರು? ಹಳೆ ವಹಿಗಳಲ್ಲಿ ಹುಡುಕುವ ದಾರಿ

ಭಾಲ್ಕಿಯ ಕುಂಬಾರ ಗುಂಡಯ್ಯನವರ ಹೆಸರು ಎಂಟು ನೂರು ವರ್ಷದಿಂದ ಉಳಿದುಕೊಂಡು ಬಂದಿದೆ. ಹರಿಹರ ಕವಿ ಅವರ ಮೇಲೆ ರಗಳೆ ಬರೆದ. ಅವರ ಮಡದಿ ಕೇತಲದೇವಿಯ ವಚನವೂ ನಮಗೆ ಸಿಕ್ಕಿದೆ. ಆದರೆ ನಿಮ್ಮೂರ ಕುಂಬಾರ ಓಣಿಯಲ್ಲಿ ನೂರು ವರ್ಷದ ಹಿಂದೆ ತಿಗರಿ ತಿರುಗಿಸುತ್ತಿದ್ದವರು ಯಾರು? ಕೇಳಿ ನೋಡಿ. ಅಜ್ಜನ ಹೆಸರು ಹೇಳುತ್ತಾರೆ, ಮುತ್ತಜ್ಜನ ಹೆಸರು ತಡವರಿಸುತ್ತಾ ಹೇಳುತ್ತಾರೆ, ಅದರಾಚೆ ಮಾತು ನಿಂತುಹೋಗುತ್ತದೆ.

ಅವರು ಕಾಗದದಲ್ಲಿ ಇಲ್ಲ ಅಂತಲ್ಲ, ಇದ್ದಾರೆ. ಆದರೆ ಕುಂಬಾರರದ್ದೇ ಅಂತ ಒಂದು ಪುಸ್ತಕ ಇರುತ್ತದೆ ಎಂದು ಹುಡುಕಿದರೆ ಸಿಗುವುದಿಲ್ಲ. ಕುಂಬಾರರು ಲೆಕ್ಕ ಬರೆದಿಟ್ಟವರಲ್ಲ. ಅವರಿಗೆ ಕೊಟ್ಟವರು, ಅವರಿಂದ ಕೊಂಡವರು, ಅವರ ಮಕ್ಕಳನ್ನು ಶಾಲೆಗೆ ಸೇರಿಸಿಕೊಂಡವರು ಬರೆದಿಟ್ಟಿದ್ದಾರೆ. ಹಾಗಾಗಿ ಹೆಸರನ್ನು ಹುಡುಕುವ ಮೊದಲು ಕೊಡುಕೊಳ್ಳುವಿಕೆಯನ್ನು ಹುಡುಕಿ. ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಇದನ್ನು ಹೇಗೆ ಮಾಡಬಹುದು ಅಂತ ಇಲ್ಲಿ ಹೇಳುತ್ತೇನೆ.

ಮೊದಲು ಮನೆಯಲ್ಲಿ ಕೂತು ಕೇಳಿ

ಕಚೇರಿಗೆ ಓಡಬೇಡಿ. ಓಣಿಯ ಹಿರಿಯ ಮುತ್ಯಾ, ಆಯಿಯರ ಹತ್ತಿರ ಕೂಡಿ. "ಎಷ್ಟನೇ ಇಸವಿ?" ಅಂತ ಕೇಳಿದರೆ ಅವರಿಗೆ ಉತ್ತರ ಹೊಳೆಯುವುದಿಲ್ಲ. "ರಜಾಕಾರರ ಗದ್ಲದಾಗ ನಿಮ್ಮಪ್ಪ ಆವಿಗಿ ಹಚ್ತಿದ್ನಾ?" ಅಂತ ಕೇಳಿ. 1948ರ ಪೊಲೀಸ್ ಆ್ಯಕ್ಷನ್, 1972ರ ಬರ, ಊರಿಗೆ ಕರೆಂಟ್ ಬಂದ ವರ್ಷ, ಇವೇ ನಮ್ಮ ಭಾಗದ ಹಿರಿಯರ ಪಂಚಾಂಗ.

ಕೆಲಸದ ಬಗ್ಗೆ ಕೇಳುವುದನ್ನು ಮರೆಯಬೇಡಿ. ಜೇಡಿಮಣ್ಣು ಯಾವ ಕೆರೆಯಿಂದ ಬರುತ್ತಿತ್ತು? ಮಡಕೆ ಸುಡುವ ಆವಿಗೆ ಎಲ್ಲಿತ್ತು? ಗಡಿಗಿ, ಹರವಿ ಹೊತ್ತು ಯಾವ ಊರಿನ ಸಂತೆಗೆ ಹೋಗುತ್ತಿದ್ದರು? ರಾಶಿಯ ಕಾಲಕ್ಕೆ ಯಾರ್‍ಯಾರ ಕಣದಿಂದ ಜೋಳದ ಆಯ (ಸೇವೆಗೆ ಕೊಡುವ ಕಾಳು) ಬರುತ್ತಿತ್ತು? ಯಾವ ಮನೆತನಗಳ ಮದುವೆಗೆ ಐರಾಣಿ (ಶಾಸ್ತ್ರದ ಮಡಕೆ) ಕೊಡುವ ಹಕ್ಕು ಇವರಿಗಿತ್ತು? ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿ ಕೊಡುತ್ತಿದ್ದುದು ಯಾವ ಓಣಿಗಳಿಗೆ? ಈ ಉತ್ತರಗಳೇ ನಿಮ್ಮ ಮುಂದಿನ ದಾರಿ. ಆಯ ಕೊಡುತ್ತಿದ್ದ ಗೌಡರ ಮನೆಯ ಹೆಸರು ಸಿಕ್ಕರೆ, ನಾಳೆ ನೋಡಬೇಕಾದ ಲೆಕ್ಕದ ವಹಿ ಯಾರ ಮನೆಯಲ್ಲಿದೆ ಅಂತ ಗೊತ್ತಾದ ಹಾಗೆಯೇ.

ಮಾತನ್ನು ಅವರ ಒಪ್ಪಿಗೆ ಪಡೆದು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಟ್ರಂಕಿನಲ್ಲಿ ಏನಿದೆ ಅಂತ ವಿನಯದಿಂದ ಕೇಳಿ. ಕಂದಾಯದ ಹಳೆ ಪಾವತಿ, ಶಾಲೆ ಬಿಟ್ಟ ಟಿ.ಸಿ., ಹರಿದ ರೇಷನ್ ಕಾರ್ಡ್, ಸಾಲದ ಚೀಟಿ, ಯಾವುದನ್ನೂ ಸಣ್ಣದು ಅಂದುಕೊಳ್ಳಬೇಡಿ. ಫೋಟೊ ತೆಗೆದು ಕಾಗದವನ್ನು ಅಲ್ಲೇ ಬಿಟ್ಟು ಬನ್ನಿ. ಮನೆಯಿಂದ ಹೊರಗೆ ಒಯ್ಯುವುದು ಬೇಡ.

ಶಾಲೆಯ ದಾಖಲಾತಿ ವಹಿ

ಊರಿನ ಹಳೆ ಸರ್ಕಾರಿ ಶಾಲೆಯ ದಾಖಲಾತಿ ವಹಿ ಎರಡನೇ ಮೆಟ್ಟಿಲು. ಹುಡುಗನ ಹೆಸರು, ತಂದೆಯ ಹೆಸರು, ಜಾತಿ, ಹುಟ್ಟಿದ ದಿನ, ಯಾವ ವರ್ಷ ಯಾಕೆ ಶಾಲೆ ಬಿಟ್ಟ, ಇಷ್ಟೂ ಒಂದೇ ಸಾಲಿನಲ್ಲಿ ಸಿಗುವುದುಂಟು. ಹುಟ್ಟಿದ ದಿನ ಜೂನ್ 1 ಅಂತ ಇದ್ದರೆ ಅದನ್ನು ನಂಬಬೇಡಿ. ಸೇರಿಸುವಾಗ ಮಾಸ್ತರರೇ ಬರೆದುಕೊಂಡ ದಿನ ಅದು. ವರ್ಷವೂ ಅಂದಾಜಿನದ್ದೇ.

ಜಾತಿಯ ಕಾಲಂ ನೋಡುವಾಗ ಸ್ವಲ್ಪ ಎಚ್ಚರ ಬೇಕು. ಒಂದೇ ಮನೆಯ ಅಣ್ಣ ತಮ್ಮಂದಿರಲ್ಲಿ ಒಬ್ಬನಿಗೆ "ಕುಂಬಾರ", ಇನ್ನೊಬ್ಬನಿಗೆ "ಲಿಂಗಾಯತ" ಅಂತ ಬರೆದಿರಬಹುದು. ಬೀದರ್ ಕಡೆ "ಕುಂಭಾರ", ತೆಲುಗು ಗಡಿಯಲ್ಲಿ "ಕುಮ್ಮರ", ಬೇರೆ ಕಡೆ "ಕುಲಾಲ", "ಚಕ್ರಸಾಲಿ" ಸಿಗುತ್ತವೆ. ಎಲ್ಲ ರೂಪಗಳನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅಡ್ಡಹೆಸರಿನ ಮೇಲೆ ಮಾತ್ರ ಹುಡುಕಿದರೆ ಅರ್ಧ ಜನ ಕೈತಪ್ಪುತ್ತಾರೆ.

ತಹಸೀಲ್ ಕಚೇರಿ: ನಿಜವಾದ ಗಣಿ

ಮಣ್ಣಿನ ಕೆಲಸದವರಿಗೆ ಜಮೀನು ಎಲ್ಲಿಂದ ಅಂತ ಕೆಲವರು ಕೇಳುತ್ತಾರೆ. ನಮ್ಮ ಭಾಗದಲ್ಲಿ ಕುಂಬಾರರು ಊರಿನ ಆಯಗಾರರು, ಅಂದರೆ ಬಲೂತಿಗಳು. ಊರಿಗೆ ಮಡಕೆ ಕೊಡುವ ಸೇವೆಗೆ ಸುಗ್ಗಿಯಲ್ಲಿ ಕಾಳು ಸಿಗುತ್ತಿತ್ತು. ಎಷ್ಟೋ ಕಡೆ ಸೇವೆಗಾಗಿ ಬಿಟ್ಟುಕೊಟ್ಟ ತುಂಡು ಇನಾಂ ಭೂಮಿಯೂ ಇತ್ತು. ಆ ತುಂಡು ಭೂಮಿ ಇದ್ದರೆ ಮೂರು ನಾಲ್ಕು ತಲೆಮಾರು ಒಟ್ಟಿಗೆ ಸಿಕ್ಕಿಬಿಡುತ್ತವೆ.

ಇಂದಿನ ಪಹಣಿಯಿಂದ ಶುರು ಮಾಡಿ ಹಿಂದಕ್ಕೆ ಹೋಗಿ. ಸರ್ವೆ ನಂಬರ್ ಬರೆದುಕೊಳ್ಳಿ. ಹೆಸರು ಬದಲಾದರೂ ಸರ್ವೆ ನಂಬರ್ ಸುಲಭಕ್ಕೆ ಬದಲಾಗುವುದಿಲ್ಲ, ಹಿಸ್ಸಾ ಆಗಿ ಒಡೆದಿರಬಹುದು ಅಷ್ಟೆ. ಅದಾದ ಮೇಲೆ ಹಕ್ಕು ಬದಲಾವಣೆ ವಹಿ ಕೇಳಿ. ಯಾರು ತೀರಿಕೊಂಡರು, ಯಾರ ಹೆಸರಿಗೆ ಪೌತಿ ಆಯಿತು, ವಾರಸುದಾರರು ಎಷ್ಟು ಜನ ಅನ್ನುವುದು ಅದರಲ್ಲಿ ಇರುತ್ತದೆ. ಅಲ್ಲಿಂದ 1954-55ರ ಖಾಸ್ರಾ ಪಹಣಿಗೆ ಹೋಗಿ. ಹೈದರಾಬಾದ್ ರಾಜ್ಯದಲ್ಲಿದ್ದ ನಮ್ಮ ಜಿಲ್ಲೆಗಳಿಗೆ ಇದು ಬಹಳ ಮುಖ್ಯವಾದ ಕಾಗದ. ಪಟ್ಟೇದಾರ (ಜಮೀನು ಯಾರ ಹೆಸರಿನಲ್ಲಿದೆಯೋ ಅವರು) ಯಾರು, ನಿಜವಾಗಿ ಉಳುತ್ತಿದ್ದವರು ಯಾರು ಅಂತ ಬೇರೆ ಬೇರೆ ಕಾಲಂನಲ್ಲಿ ತೋರಿಸುತ್ತದೆ. ಅದಕ್ಕೂ ಹಿಂದಿನದು ಸೇತ್ವಾರ್, ಅಂದರೆ ಭೂಮಿ ಸರ್ವೆಯ ಹಳೆ ವಹಿ. ಸರ್ವೆ ನಂಬರು, ವಿಸ್ತೀರ್ಣ, ಆಕಾರ (ಕಂದಾಯ), ಪಟ್ಟೇದಾರನ ಹೆಸರು ಅದರಲ್ಲಿ ಇರುತ್ತವೆ.

1955ರ ಹೈದರಾಬಾದ್ ಇನಾಂ ರದ್ದತಿ ಕಾಯ್ದೆ ನೋಡಿ, ಇನಾಂ ಕಡತ ಅಲ್ಲಿಗೇ ಮುಗಿಯಿತು ಅಂತ ಎಷ್ಟೋ ಜನ ಹುಡುಕುವುದನ್ನು ಬಿಡುತ್ತಾರೆ. ಆ ಕಾಯ್ದೆ ಊರ ಸೇವೆಯ ಬಲೂತಾ ಇನಾಮುಗಳನ್ನು ಹೊರಗಿಟ್ಟಿತ್ತು. ಆದ್ದರಿಂದ ಕುಂಬಾರರ ಇನಾಂ ಇದ್ದ ಊರಾದರೆ 1955ರ ನಂತರದ ಕಡತವನ್ನೂ ಕೇಳಲೇಬೇಕು.

ಯಾವ ಕಚೇರಿ ಅನ್ನುವುದೂ ಸುಲಭದ ಪ್ರಶ್ನೆ ಅಲ್ಲ. ಯಾದಗಿರಿ ಜಿಲ್ಲೆಯಾದದ್ದು ಈಚೆಗೆ, ಅದಕ್ಕೂ ಮೊದಲು ಅದು ಕಲಬುರಗಿಯೊಳಗೇ ಇತ್ತು. ತಾಲೂಕುಗಳೂ ಹೊಸದಾಗಿ ಒಡೆದಿವೆ. ಹುಣಸಗಿಯ ಹಳೆ ಕಾಗದ ಬೇಕಾದರೆ ಸುರಪುರದಲ್ಲಿ, ಚಿಟಗುಪ್ಪದ್ದಾದರೆ ಹುಮನಾಬಾದಿನಲ್ಲಿ, ಹುಲಸೂರಿನದ್ದಾದರೆ ಬಸವಕಲ್ಯಾಣದಲ್ಲಿ, ಯಡ್ರಾಮಿಯದ್ದಾದರೆ ಜೇವರ್ಗಿಯಲ್ಲೂ ಕೇಳಿ. ಆಳಂದದಂಥ ಕಡೆ ಪಾಯಗಾ ಜಹಗೀರು, ಅಂದರೆ ನಿಜಾಮರ ದೊಡ್ಡ ಸರದಾರ ಮನೆತನಗಳ ಜಹಗೀರು ಇತ್ತು. 1949ರಲ್ಲಿ ಜಹಗೀರು ರದ್ದಾಗುವವರೆಗೆ ಅಂಥ ಊರುಗಳ ಲೆಕ್ಕ ಜಹಗೀರಿನ ಕಚೇರಿಯದ್ದು. ಸುರಪುರ ಸಂಸ್ಥಾನದ ಊರುಗಳು 1860ರಲ್ಲಿ ನಿಜಾಮರಿಗೆ ಸೇರಿದವು, ಅದಕ್ಕೂ ಹಿಂದಿನ ಕಾಗದದ ದಾರಿಯೇ ಬೇರೆ.

ರೆಕಾರ್ಡ್ ರೂಮಿನಲ್ಲಿ ಮೊದಲು ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಭೂ ಸುರಕ್ಷಾ ಯೋಜನೆಯಲ್ಲಿ ಹಳೆ ಕಡತಗಳನ್ನು ಸ್ಕ್ಯಾನ್ ಮಾಡುತ್ತಿದ್ದಾರೆ, ನಿಮ್ಮ ತಾಲೂಕಿನದ್ದು ಆಗಿದೆಯಾ ಅಂತ ವಿಚಾರಿಸಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕು ಇದೆಯಲ್ಲ, 10 ರೂಪಾಯಿ ಶುಲ್ಕ, 30 ದಿನದ ಗಡುವು. ಕರ್ನಾಟಕದಲ್ಲಿ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು. "ನಮ್ಮ ಊರಿನ ಎಲ್ಲ ಹಳೆ ದಾಖಲೆ ಕೊಡಿ" ಅಂತ ಬರೆದರೆ ಏನೂ ಸಿಗುವುದಿಲ್ಲ. ಊರು, ಸರ್ವೆ ನಂಬರ್, ವರ್ಷ, ವಹಿಯ ಹೆಸರು, ಇಷ್ಟನ್ನು ಖಚಿತವಾಗಿ ಬರೆಯಿರಿ.

ಉರ್ದು ಕಂಡು ಹಿಂದೆ ಸರಿಯಬೇಡಿ

ಹೈದರಾಬಾದ್ ಸಂಸ್ಥಾನದ ಕಾಗದ ಹೆಚ್ಚಾಗಿ ಉರ್ದುವಿನಲ್ಲಿದೆ, ಅದೂ ಅವಸರದ ಶಿಕಸ್ತಾ ಬರಹದಲ್ಲಿ. ಇಲ್ಲಿಯೇ ಬಹಳಷ್ಟು ಜನ ಕೈಬಿಡುತ್ತಾರೆ. ಅದು ನನಗೆ ತುಂಬಾ ನೋವಿನ ವಿಷಯ. ಯಾಕೆಂದರೆ ಇದನ್ನು ಓದಬಲ್ಲ ನಿವೃತ್ತ ಮಾಸ್ತರರು, ಹಳೆ ಕಚೇರಿ ಗುಮಾಸ್ತರು, ಅರ್ಜಿ ಬರೆಯುವವರು ಕಲಬುರಗಿಯಲ್ಲೂ ಬೀದರಿನಲ್ಲೂ ಇನ್ನೂ ಇದ್ದಾರೆ. ಅವರ ಪಕ್ಕದಲ್ಲಿ ಕೂತು ಓದಿಸಿ. ಸುಮ್ನೆ ಫೋಟೊ ಕಳಿಸಿ ಉತ್ತರ ಕಾಯುವುದಕ್ಕಿಂತ ಅದು ಎಷ್ಟೋ ಮೇಲು.

ಕೆಲವು ಪದ ನಿಮಗೇ ಗೊತ್ತಿದ್ದರೆ ಕೆಲಸ ಹಗುರ. ವಲ್ದ್ ಅಂದರೆ ಇಂಥವರ ಮಗ. ಜೌಜೆ ಅಂದರೆ ಹೆಂಡತಿ, ಬೇವಾ ಅಂದರೆ ವಿಧವೆ. ಖೌಮ್ ಜಾತಿ, ಪೇಶಾ ಕಸುಬು, ಸಾಕಿನ್ ಅಂದರೆ ವಾಸ, ಮೌಜೆ ಅಂದರೆ ಹಳ್ಳಿ. ಫೌತಿ ಅಂದರೆ ತೀರಿಕೊಂಡವರು. "ಗುಂಡಪ್ಪ ವಲ್ದ್ ಶರಣಪ್ಪ, ಖೌಮ್ ಕುಂಬಾರ" ಅಂತ ಒಂದು ಸಾಲು ಸಿಕ್ಕರೆ ಎರಡು ತಲೆಮಾರು ಸಿಕ್ಕಂತೆ. ಖೌಮ್ ಮತ್ತು ಪೇಶಾ ಎರಡೂ ಕಾಲಂ ಇದ್ದರೆ ಎರಡನ್ನೂ ಓದಿಸಿ. ಜಾತಿ ಕುಂಬಾರ, ಕಸುಬು ಕೂಲಿ ಅಂತ ಇದ್ದರೆ ತಿಗರಿ ಆಗಲೇ ನಿಂತಿತ್ತು ಅನ್ನುವುದಕ್ಕೆ ಅದು ಸುಳಿವು.

ಈಗ ಇಸವಿಯ ಲೆಕ್ಕ. ಕಾಗದದಲ್ಲಿ ಫಸಲಿ ವರ್ಷ (ಕಂದಾಯದ ಲೆಕ್ಕದ ವರ್ಷ) ಇರುತ್ತದೆ. ಅದಕ್ಕೆ 590 ಕೂಡಿಸಿ. ಕಳೆದ ಶತಮಾನದ ಹೈದರಾಬಾದ್ ಕಾಗದಗಳಲ್ಲಿ ಫಸಲಿ ವರ್ಷ ಅಕ್ಟೋಬರಿಗೆ ಶುರು. ಅಂದರೆ 1340 ಫಸಲಿ ಎಂದರೆ 1930ರ ಅಕ್ಟೋಬರಿನಿಂದ 1931ರ ಅಕ್ಟೋಬರಿನವರೆಗೆ. ಕೆಲವು ಕಾಗದದಲ್ಲಿ ಹಿಜರಿ ವರ್ಷ ಇರುತ್ತದೆ. 1340 ಹಿಜರಿ ಎಂದರೆ 1921-22. ಒಂದೇ ಅಂಕಿ, ಒಂಬತ್ತು ವರ್ಷದ ಅಂತರ! ಗುರುತು ಹಿಡಿಯಲು ತಿಂಗಳ ಹೆಸರು ನೋಡಿ. ಆಜೂರ್, ಬಹಮನ್, ಖುರ್ದಾದ್, ಮೆಹರ್ ಇದ್ದರೆ ಫಸಲಿ. ಮೊಹರಂ, ಸಫರ್, ರಜಬ್ ಇದ್ದರೆ ಹಿಜರಿ.

ದುಡ್ಡಿನ ಲೆಕ್ಕವೂ ಹಾಗೆಯೇ. ನಿಜಾಮರ ಹಾಲಿ ಸಿಕ್ಕಾ 7 ರೂಪಾಯಿ ಅಂದರೆ ಬ್ರಿಟಿಷರ ಕಲ್ದಾರ್ 6 ರೂಪಾಯಿ, ಹೆಚ್ಚುಕಡಿಮೆ. ಒಂದು ವರ್ಷದ ಕೂಲಿಯನ್ನು ಇನ್ನೊಂದಕ್ಕೆ ಹೋಲಿಸುವ ಮೊದಲು ಯಾವ ರೂಪಾಯಿ ಅಂತ ತಿಳಿದುಕೊಳ್ಳಿ.

ಬೇರೆಯವರ ಮನೆಯ ಲೆಕ್ಕ

ಊರಿನ ಹಳೆ ಕುಲಕರ್ಣಿ, ಗೌಡರ ಮನೆತನಗಳಲ್ಲಿ ಕಡತಗಳು ಇರಬಹುದು. ಹುಣಸೆ ಬೀಜದ ಅಂಟು, ಇದ್ದಿಲು ಬಳಿದ ಬಟ್ಟೆಯ ಮಡಿಕೆ, ಅದರ ಮೇಲೆ ಬಳಪದ ಬರಹ. ಬೀದರ್ ಕಡೆ ಮರಾಠಿಯ ಮೋಡಿ ಲಿಪಿಯ ಲೆಕ್ಕವೂ ಸಿಗುತ್ತದೆ. ಯಾವ ಆಯಗಾರನಿಗೆ ಎಷ್ಟು ಕಾಳು ಹೋಯಿತು ಅನ್ನುವುದು ಇಂಥ ಕಡೆ ಬರೆದಿರುವ ಸಾಧ್ಯತೆ ಜಾಸ್ತಿ. ಮಠ, ಗುಡಿ, ದರ್ಗಾಗಳ ಖರ್ಚಿನ ವಹಿಯನ್ನೂ ಕೇಳಿ. ಜಾತ್ರೆಗೂ ಉರುಸಿಗೂ ಪಣತಿ, ಗಡಿಗಿ ಬೇಕೇ ಬೇಕು, ಅಂದಮೇಲೆ ಕೊಂಡ ಲೆಕ್ಕವನ್ನು ಯಾರಾದರೂ ಬರೆದಿರುತ್ತಾರೆ ಅಲ್ವಾ.

ಹೆಳವರನ್ನು ಮಾತ್ರ ಬಿಡಲೇಬೇಡಿ. ಎತ್ತಿನ ಮೇಲೆ ಕೂತು ಊರೂರಿಗೆ ಬಂದು ಮನೆತನದ ವಂಶಾವಳಿ ಹೇಳುವ ಇವರ ಹತ್ತಿರ ತಲೆತಲಾಂತರದ ಹೆಸರುಗಳಿವೆ, ಯಾವ ಊರಿನಿಂದ ಬಂದು ನೆಲೆಸಿದರು ಅನ್ನುವುದೂ ಇದೆ. ಈ ಓಣಿಗೆ ಬರುವ ಹೆಳವರ ಮನೆತನ ಯಾವುದು ಅಂತ ಹಿರಿಯರಿಗೆ ಗೊತ್ತಿರುತ್ತದೆ. ಅವರು ಬಂದಾಗ ಕಾಣಿಕೆ ಕೊಟ್ಟು, ಕೂರಿಸಿ ಕೇಳಿ. ಹೆಳವರ ಮಾತು ಹೆಸರು ಕೊಡುತ್ತದೆ, ಸೇತ್ವಾರ್ ವರ್ಷ ಕೊಡುತ್ತದೆ. ಎರಡೂ ಕೂಡಿದರೆ ಗಟ್ಟಿ. ಹರಿದ್ವಾರಕ್ಕೋ ನಾಸಿಕಕ್ಕೋ ಹಿರಿಯರು ಹೋಗಿದ್ದರೆ ಅಲ್ಲಿನ ಪಂಡಾಗಳ ವಹಿಯಲ್ಲೂ ಹೆಸರು ಇರಬಹುದು.

ಜನಗಣತಿಯಿಂದ ವ್ಯಕ್ತಿಯ ಹೆಸರು ಸಿಗುವುದಿಲ್ಲ. ಹೈದರಾಬಾದ್ ಸಂಸ್ಥಾನದಲ್ಲಿ 1881ರಿಂದ ಗಣತಿ ನಡೆದಿದೆ, ಉಳಿದಿರುವುದು ಕೋಷ್ಟಕಗಳು ಮಾತ್ರ. ಜಿಲ್ಲೆಯಲ್ಲಿ ಎಷ್ಟು ಜನ ಈ ಕಸುಬಿನಲ್ಲಿದ್ದರು ಅನ್ನುವುದಕ್ಕೆ ಅಷ್ಟು ಸಾಕು. ಊರಿನ ಕಾಗದ ತೀರಿದ ಮೇಲೆ ಹೈದರಾಬಾದಿನ ತಾರ್ನಾಕಾದಲ್ಲಿರುವ ತೆಲಂಗಾಣ ರಾಜ್ಯ ಪತ್ರಾಗಾರಕ್ಕೆ ಹೋಗಬಹುದು. ನಿಜಾಮರ ಕಾಲದ ಕಡತಗಳು ಅಲ್ಲಿವೆ. ಸರ್ವೆ ನಂಬರು, ಫಸಲಿ ವರ್ಷ ಕೈಯಲ್ಲಿಲ್ಲದೆ ಅಷ್ಟು ದೂರ ಹೋಗಬೇಡಿ.

ಹೆಣ್ಣುಮಕ್ಕಳು ಎಲ್ಲಿದ್ದಾರೆ?

ಮಣ್ಣು ಜರಡಿ ಹಿಡಿದವರು, ತುಳಿದು ಹದ ಮಾಡಿದವರು, ಬುಟ್ಟಿ ಹೊತ್ತು ಸಂತೆಗೆ ಹೋಗಿ ಮಾರಿದವರು ಮನೆಯ ಹೆಣ್ಣುಮಕ್ಕಳು. ದುಡಿಮೆಯ ಅರ್ಧ ಅವರದ್ದು, ಆದರೆ ಪಟ್ಟಾ ಗಂಡನ ಹೆಸರಿಗೆ. ಇದನ್ನು ಹೀಗೇ ಬಿಟ್ಟರೆ ನೀವು ಬರೆಯುವ ಕಥೆ ಅರ್ಧವೇ ಆಗುತ್ತದೆ.

ಗಂಡ ತೀರಿಕೊಂಡಾಗ ಹೆಂಡತಿಯ ಹೆಸರು ಕಾಗದಕ್ಕೆ ಬರುತ್ತದೆ. ಹಕ್ಕು ಬದಲಾವಣೆ ವಹಿಯಲ್ಲಿ "ಬೇವಾ" ಇರುವ ಸಾಲುಗಳನ್ನು ಬೇರೆಯಾಗಿ ಬರೆದಿಡಿ. ಗಣತಿಯ ಕಸುಬಿನ ಕೋಷ್ಟಕದಲ್ಲಿ ದುಡಿಯುವ ಹೆಂಗಸರ ಎಣಿಕೆ ಬೇರೆಯಾಗಿ ಇರುತ್ತದೆ, ಅದನ್ನು ನೋಡಿ. 1951-52ರ ಚುನಾವಣೆಯಿಂದ ಈಚೆಗಿನ ಮತದಾರರ ಪಟ್ಟಿಗಳು ಸಿಕ್ಕರೆ ಅಲ್ಲಿಯೂ ಹುಡುಕಿ.

ತವರಿನ ಊರು ಕೇಳಿ ಅಲ್ಲಿಗೂ ಹೋಗಿ. 1956ರ ಮೊದಲು ಬೀದರ್ ಜಿಲ್ಲೆಯಲ್ಲಿ ಉದಗೀರ, ನಿಲಂಗಾ, ಜಹೀರಾಬಾದ್, ನಾರಾಯಣಖೇಡ ಇದ್ದವು. ಗುಲಬರ್ಗಾ ಜಿಲ್ಲೆಯಲ್ಲಿ ತಾಂಡೂರು, ಕೊಡಂಗಲ್ ಇದ್ದವು. ಗಡಿ ಬದಲಾಯಿತು, ಬೀಗತನ ಬದಲಾಗಲಿಲ್ಲ. ನಮ್ಮ ಓಣಿಯ ಸೊಸೆಯ ತವರಿನ ಕಾಗದ ಇವತ್ತು ಮಹಾರಾಷ್ಟ್ರದಲ್ಲೋ ತೆಲಂಗಾಣದಲ್ಲೋ ಇರಬಹುದು.

ಬರೆದಿಡುವಾಗ

ಒಬ್ಬರಿಗೆ ಒಂದು ಹಾಳೆ. ಪ್ರತಿ ಸಾಲಿನ ಮುಂದೆ ಅದು ಎಲ್ಲಿ ಸಿಕ್ಕಿತು ಅಂತ ಬರೆಯಿರಿ: ವಹಿಯ ಹೆಸರು, ಕಚೇರಿ, ವರ್ಷ, ಪುಟ. ಆಯಿ ಹೇಳಿದ್ದಾದರೆ "ಬಾಯಿಮಾತು" ಅಂತ ಗುರುತು ಹಾಕಿ. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವುದು ನಮ್ಮಲ್ಲಿ ರೂಢಿ, ಆದ್ದರಿಂದ ಶರಣಪ್ಪ, ಗುಂಡಪ್ಪ, ಮತ್ತೆ ಶರಣಪ್ಪ ಬರುತ್ತಾರೆ. ಒಬ್ಬರನ್ನು ಇನ್ನೊಬ್ಬರೆಂದು ತಿಳಿಯದಿರಲು ಸರ್ವೆ ನಂಬರು ಮತ್ತು ಹೆಂಡತಿಯ ಹೆಸರು ನೆರವಾಗುತ್ತವೆ. ಕಾಗದ ಒಂದು ಹೇಳಿ ಹಿರಿಯರು ಇನ್ನೊಂದು ಹೇಳಿದರೆ ಎರಡನ್ನೂ ಬರೆಯಿರಿ, ಒಂದನ್ನು ಅಳಿಸಬೇಡಿ.

ಒಂದು ಪ್ರತಿ ಮೊದಲು ಆ ಮನೆಯವರಿಗೆ ಕೊಡಿ, ಓದಿ ಹೇಳಿ, ತಪ್ಪಿದ್ದರೆ ಅವರ ಕೈಯಲ್ಲೇ ತಿದ್ದಿಸಿ. ಅವರು ಒಪ್ಪಿದರೆ ಇನ್ನೊಂದು ಪ್ರತಿ ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ ಇಡಿ. ದಾಯಾದಿಗಳ ನಡುವೆ ಜಮೀನಿನ ತಕರಾರು ನಡೆಯುತ್ತಿದ್ದರೆ ಆ ಪುಟಗಳನ್ನು ಗ್ರಂಥಾಲಯದ ಪ್ರತಿಗೆ ಸೇರಿಸಬೇಡಿ.