ಮಳೆ ಲೆಕ್ಕದಿಂದ ಮಾತು ಕಲ್ತ ನನ್ನ ಮಗ

ನಮ್ದು ಮೂಡಿಗೆರೆ ಹತ್ರ ಸಣ್ಣ ಕಾಫಿ ತೋಟ. ನಮ್ಮ ಮಾವನವ್ರು 1978ರಿಂದ ಮಳೆ ಲೆಕ್ಕ ಬರೆದಿಟ್ಟ ಡೈರಿಗಳು ಅಟ್ಟದ ಮೇಲಿದ್ವು, ಮಗ ಒಂಬತ್ತು ವರ್ಷಕ್ಕೇ ಎಲ್ಲಾ ಬಾಯಿಪಾಠ ಮಾಡ್ಕೊಂಡಿದ್ದ. 1994 ಜುಲೈ 12 ಅಂದ್ರೆ ಸಾಕು, "ಮಂಗಳವಾರ, 4 ಇಂಚು 35 ಸೆಂಟು" ಅಂತಿದ್ದ (ಸೆಂಟು ಅಂದ್ರೆ ಇಂಚಿನ ನೂರರಲ್ಲೊಂದು ಭಾಗ). ಆದ್ರೆ ಹಸಿವಾಗಿದೆ ಅನ್ನಕ್ಕೆ ಬರ್ತಿರ್ಲಿಲ್ಲ, "ಊಟ ಬೇಕಾ" ಅಂದ್ರೆ ಅವ್ನೂ "ಊಟ ಬೇಕಾ" ಅಂತಿದ್ದ.

ಆಟಿಸಂ ಅಂತ ಗೊತ್ತಾಗಿದ್ದು ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಹೋದಾಗ. 1943ರಲ್ಲಿ ಲಿಯೋ ಕ್ಯಾನರ್ ಅನ್ನೋ ಡಾಕ್ಟ್ರು 11 ಮಕ್ಕಳ ಬಗ್ಗೆ ಬರೆದಾಗ್ಲೇ ಈ ನೆನಪಿನ ಶಕ್ತಿ, ಕೇಳಿದ್ದನ್ನೇ ವಾಪಸ್ ಹೇಳೋದು ಎರಡನ್ನೂ ಗುರುತಿಸಿದ್ರು ಅಂತ ಆಮೇಲೆ ಓದಿ ತಿಳ್ಕೊಂಡೆ. ಎಲ್ಲಾ ಆಟಿಸಂ ಮಕ್ಕಳಿಗೂ ಇಂಥ ನೆನಪು ಇರಲ್ಲ, ಇರ್ಬೇಕಾಗೂ ಇಲ್ಲ, ಬೇರೆ ಮಗು ನೋಡಿ "ಇವ್ನಿಗೇನು ಬರುತ್ತೆ" ಅಂತ ಕೇಳೋರನ್ನ ಕಂಡ್ರೆ ನಂಗೆ ಸಂಕಟ ಆಗುತ್ತೆ.

ನೆಂಟ್ರು ಬಂದಾಗ ನಾವೂ ಡೇಟ್ ಕೇಳಿ ಕೇಳಿ ಹೇಳಿಸ್ತಿದ್ವಿ. ಒಂದಿನ ಅವ್ನು ಕಿವಿ ಮುಚ್ಕೊಂಡು ಮಂಚದಡಿ ಹೋಗಿ ಕೂತ್ಬಿಟ್ಟ, ಅವತ್ತಿಂದ ಅದನ್ನ ನಿಲ್ಲಿಸಿದ್ವಿ.

ಆಮೇಲೆ ಅಡುಗೆಮನೆ ಗೋಡೆಗೆ ನಾಲ್ಕು ಫೋಟೋ ಅಂಟಿಸ್ದೆ: ಬ್ರಶ್, ಮಳೆ ಅಳೆಯೋ ಗೇಜು, ಡೈರಿ, ಫೋನು. ಬೆಳಿಗ್ಗೆ ಎಂಟಕ್ಕೆ ಗೇಜಿನ ನೀರನ್ನ ಅಳತೆ ಗ್ಲಾಸಿಗೆ ಹುಯ್ದು, ಬಗ್ಗಿ, ಕಣ್ಣನ್ನ ನೀರಿನ ಮಟ್ಟಕ್ಕೆ ತಂದು ಓದ್ತಾನೆ, ಒಂದು ಹನಿನೂ ಚೆಲ್ಲಲ್ಲ. ಆಮೇಲೆ ಕೊಟ್ಟಿಗೆಹಾರದಲ್ಲಿರೋ ನಮ್ಮಣ್ಣನಿಗೆ ಫೋನ್. ಮಳೆಗಾಲದಲ್ಲಿ ನಮ್ಮ ಕಡೆ ಎಲ್ರೂ ಮಾತು ಶುರು ಮಾಡೋದೇ "ನಿಮ್ಮಲ್ಲಿ ಎಷ್ಟು ಬಂತು" ಅಂತ ಅಲ್ವಾ, ಅದನ್ನೇ ಕಾರ್ಡಲ್ಲಿ ಬರೆದುಕೊಟ್ಟೆ. ಮೊದಮೊದ್ಲು ತನ್ನ ಮಳೆ ನಂಬರ್ ಹೇಳಿ ಫೋನ್ ಇಟ್ಬಿಡ್ತಿದ್ದ. ಅಣ್ಣನಿಗೆ ಹೇಳಿದ್ದೆ, ಅವ್ನಾಗೇ ಕೇಳೋವರೆಗೂ ನಿನ್ನ ನಂಬರ್ ಹೇಳ್ಬೇಡ ಅಂತ. ಅವ್ನಿಗೆ ಆ ನಂಬರ್ ಬೇಕೇ ಬೇಕು, ಡೈರೀಲಿ ಅಣ್ಣನ ಮನೇದಕ್ಕೂ ಒಂದು ಕಾಲಂ ಹಾಕಿದ್ದ. ಆ ಮಳೆಗಾಲ ಪೂರ್ತಿ ಹಿಡೀತು, ಆದ್ರೆ ಕೇಳೋದು ಕಲ್ತ. ಬೇಸಿಗೇಲೂ ಬಿಡ್ಲಿಲ್ಲ, ದಿನಾ "0" ಬರೆದು ಫೋನ್ ಮಾಡ್ತಿದ್ದ.

ಮುಂದಿನ ಜೂನಲ್ಲಿ ಗಾಳಿಮಳೆಗೆ ಮರ ಬಿದ್ದು ಎರಡು ದಿನ ಕರೆಂಟಿರ್ಲಿಲ್ಲ. ನಂಬರ್ ಹೇಳಿ, ಕೇಳಿ, ಬರ್ಕೊಂಡ, ಆದ್ರೆ ಫೋನ್ ಇಡ್ಲಿಲ್ಲ. "ಮಾವ, ನಿಮ್ಮಲ್ಲಿ ಕರೆಂಟ್ ಇದ್ಯಾ?" ಅಂದ. ಕಾರ್ಡಲ್ಲಿ ಅದು ಇರ್ಲೇ ಇಲ್ಲ. ಆ ಕಡೆ ನಮ್ಮಣ್ಣನಿಗೂ ಸ್ವಲ್ಪ ಹೊತ್ತು ಮಾತೇ ಬರ್ಲಿಲ್ಲ, ಆಮೇಲೆ "ಇಲ್ಲ ಕಣೋ, ನಿನ್ನೆಯಿಂದ ಇಲ್ಲ" ಅಂದ.