ಸ್ಕೋಲಿಯೋಸಿಸ್ ಇರುವ ಬಸುರಿಯ ಬೆನ್ನುನೋವು: ಬಾಗು ಬಿಟ್ಟು ಬುಡ ಹಿಡಿದ ಮೇಲೆ

ಬಸುರಿ, ಅದರ ಮೇಲೆ ಸ್ಕೋಲಿಯೋಸಿಸ್ (ಬೆನ್ನುಮೂಳೆ ಪಕ್ಕಕ್ಕೆ ಬಾಗಿರುವುದು) ಎಂದರೆ ಕೈರೋಪ್ರಾಕ್ಟಿಕ್, ಅಂದರೆ ಬೆನ್ನು-ಕೀಲುಗಳಿಗೆ ಕೈಯಿಂದ ಒತ್ತು ಕೊಡುವ ಚಿಕಿತ್ಸೆ, ಮಾಡುವವರೇ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಹೆರಿಗೆ ವೈದ್ಯರನ್ನಂತೂ ಕೇಳುವುದೇ ಬೇಡ. 'ಹೆರಿಗೆಯಾಗಲಿ, ಆಮೇಲೆ ನೋಡೋಣ' ಎನ್ನುವುದು ಎರಡೂ ಕಡೆಯ ಉತ್ತರ. ಆ ಉತ್ತರದಲ್ಲಿ ಹುರುಳಿಲ್ಲದಿಲ್ಲ. ನಾವು ಮೊದಲು ಮಾಡುತ್ತಿದ್ದ ಹಾಗೆಯೇ ಮಾಡುವುದಾದರೆ ಮುಟ್ಟದಿರುವುದೇ ವಾಸಿ. ರೀತಿ ಬದಲಾಯಿಸಿದ ಮೇಲೆ ನೋವು ಹಿಡಿತಕ್ಕೆ ಬಂತು. ಈಗ ಮೂಗು ಮುರಿದವರೇ ಚೀಟಿ ಬರೆದು ಕಳಿಸುತ್ತಾರೆ. ಡ್ರಾಪ್ ಮೇಜು (ಒತ್ತಿದಾಗ ಒಂದು ತುಂಡು ತುಸು ಕೆಳಗಿಳಿಯುವ ಮೇಜು), ಬ್ಲಾಕ್ (ಸೊಂಟದಡಿ ಇಡುವ ಬೆಣೆ), ಆಕ್ಟಿವೇಟರ್ (ಸ್ಪ್ರಿಂಗಿನಿಂದ ಸಣ್ಣ ಒತ್ತು ಕೊಡುವ ಕೈಯುಪಕರಣ) ಕೈಯಲ್ಲಿ ಆಡಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ, ಅವುಗಳ ಹೆಚ್ಚಿನ ಪರಿಚಯ ಇಲ್ಲಿಲ್ಲ.

ಮೊದಲು ಕೆಟ್ಟದ್ದನ್ನು ಹೇಳಿಬಿಡುತ್ತೇನೆ. ಬಾಗಿನ ತುದಿ, ಅಂದರೆ ಅದು ಅತಿ ಹೆಚ್ಚು ಉಬ್ಬಿದ ಜಾಗ, ಎಲ್ಲಿದೆಯೋ ಅಲ್ಲಿಗೇ, ಉಬ್ಬಿದ ಬದಿಯಿಂದ ಒತ್ತುವುದು ನಮ್ಮೆಲ್ಲರ ಹಳೇ ಚಟ. ಬಸಿರಿಲ್ಲದಾಗ ಹೇಗೋ ನಡೆದುಹೋಗುತ್ತದೆ. ಬಸಿರಿನಲ್ಲಿ ಎರಡು ದಿನ ಹಾಯೆನಿಸುತ್ತದೆ, ಮೂರನೆಯ ದಿನ ನೋವು ಸೊಂಟದಿಂದ ಕುಂಡೆಗೆ, ಅಲ್ಲಿಂದ ತೊಡೆಸಂದಿಗೆ ಇಳಿಯುತ್ತದೆ. ಮಗ್ಗುಲು ಬದಲಿಸುವಾಗ ಚುಚ್ಚು ಶುರುವಾಗುತ್ತದೆ. ಬಾಗಿನ ನಡುವಿನ ಮೂಳೆಗಳು ವರ್ಷಾನುಗಟ್ಟಲೆ ಬಿಗಿದುಕೊಂಡಿರುವುದರಿಂದ ಅವು ಕದಲುವುದಿಲ್ಲ. ಕೊಟ್ಟ ಬಲವೆಲ್ಲ ಸುಲಭವಾಗಿ ಕದಲುವ ಜಾಗಕ್ಕೆ ಹೋಗುತ್ತದೆ, ಅಂದರೆ ಬಾಗು ದಿಕ್ಕು ತಿರುಗುವ ಸಂದಿಗೆ, ಎಲ್4-ಎಲ್5ಕ್ಕೆ (ಸೊಂಟದ ಕೊನೆಯ ಎರಡು ಮೂಳೆಗಳ ಸಂದಿ), ಎಸ್‌ಐ ಕೀಲಿಗೆ (ಬೆನ್ನಿನ ಬುಡ ಸೊಂಟದ ಮೂಳೆಗೆ ಸೇರುವ ಕೀಲು). ಬಸಿರಿನಲ್ಲಿ ಅಲ್ಲಿನ ಲಿಗಮೆಂಟುಗಳು ಮೊದಲೇ ಸಡಿಲ. ಮಗ್ಗುಲಾಗಿ ಮಲಗಿಸಿ ಸೊಂಟ ತಿರುಚಿ ಕೊಡುವ ಒತ್ತು ಇದರಲ್ಲೆಲ್ಲ ಕೆಟ್ಟದ್ದು. 'ಟಕ್' ಸದ್ದು ಬಂತೆಂದು ನಮಗೆ ಸಂತೋಷ, ಆದರೆ ಸದ್ದು ಬಂದದ್ದು ಬಿಗಿದ ಕೀಲಿನಿಂದಲ್ಲ, ಪಕ್ಕದ ಸಡಿಲ ಕೀಲಿನಿಂದ. ನೋವು ಜಾಗ ಬದಲಾಯಿಸಿದರೆ ಸುಧಾರಿಸುತ್ತಿದೆ ಎಂದು ಸಮಾಧಾನ ಹೇಳಬೇಡಿ, ತಪ್ಪು ಜಾಗದಲ್ಲಿ ಒತ್ತಿದ್ದೀರಿ.

ಹಾಗಾಗಿ ಬಾಗನ್ನು ಬಿಟ್ಟೆ. ಅದು ನೇರವಾಗುವುದೂ ಇಲ್ಲ, ಬಸಿರಿನ ಒಂಬತ್ತು ತಿಂಗಳಲ್ಲಿ ಆಗಬೇಕಾದ ಕೆಲಸವೂ ಅಲ್ಲ. ಹಿಡಿಯಬೇಕಾದದ್ದು ಬುಡವನ್ನು: ಸೇಕ್ರಮ್ (ಬೆನ್ನುಮೂಳೆಯ ಬುಡದ ತ್ರಿಕೋನ ಮೂಳೆ), ಸೊಂಟದ ಎರಡು ಬದಿ, ಮತ್ತು ಮಲಗುವ ಭಂಗಿ.

ಮೊದಲ ದಿನ ಕೈ ಹಾಕುವುದಕ್ಕಿಂತ ಅಳೆಯುವುದೇ ಹೆಚ್ಚು. ಹೊಸ ಎಕ್ಸ್‌ರೇ ಬೇಡ, ಮನೆಯಲ್ಲಿರುವ ಹಳೆಯ ಫಿಲ್ಮ್ ತರಿಸಿ. ಎಕ್ಸ್‌ರೇಯಲ್ಲಿ ಬಾಗನ್ನು ಅಳೆಯುವ ಕಾಬ್ ಕೋನ 22 ಡಿಗ್ರಿ ಇದೆಯೋ 28 ಇದೆಯೋ ಎಂಬುದು ನೋವಿನ ಲೆಕ್ಕಕ್ಕೆ ಹೆಚ್ಚು ಬರುವುದಿಲ್ಲ. ಬಾಗು ಯಾವ ಕಡೆ ಉಬ್ಬಿದೆ, ತುದಿ ಎಲ್ಲಿ, ಕೆಳಗೆ ಎಲ್5 ಸೇಕ್ರಮ್ ಮೇಲೆ ಎಷ್ಟು ವಾಲಿದೆ, ಇಷ್ಟನ್ನು ನೋಡಿ. ಮುಂದಕ್ಕೆ ಬಗ್ಗಿಸಿ ಬೆನ್ನಿನ ಉಬ್ಬು ನೋಡುವ ಆಡಮ್ಸ್ ಪರೀಕ್ಷೆಗೆ 24 ವಾರದ ಆಸುಪಾಸಿನಿಂದ ಹೊಟ್ಟೆ ಅಡ್ಡ ಬರುತ್ತದೆ. ಸ್ಟೂಲಿನ ಮೇಲೆ ಕಾಲಗಲಿಸಿ ಕೂರಿಸಿ, ಮುಂದಿನ ಮೇಜಿಗೆ ಮೊಣಕೈ ಊರಿಸಿ ಸ್ಕೋಲಿಯೋಮೀಟರ್ (ಬೆನ್ನಿನ ಓರೆ ಅಳೆಯುವ ಸಾಧನ) ಇಡಿ. ನಿಂತಾಗಿನ ಸಂಖ್ಯೆಗೂ ಇದಕ್ಕೂ ಎರಡು ಮೂರು ಡಿಗ್ರಿ ವ್ಯತ್ಯಾಸ ಬರುತ್ತದೆ. ಬಾಗು ಹೆಚ್ಚಾಯಿತೆಂದು ಗಾಬರಿ ಹುಟ್ಟಿಸಬೇಡಿ, ಪ್ರತಿ ಸಲ ಕೂತೇ ಅಳೆದರಾಯಿತು.

ಇನ್ನೊಂದು ಅಗ್ಗದ ಉಪಾಯವಿದೆ: ತೂಕದ ಎರಡು ಯಂತ್ರಗಳನ್ನು ಪಕ್ಕಪಕ್ಕ ಇಟ್ಟು ಒಂದೊಂದು ಕಾಲು ಒಂದೊಂದರ ಮೇಲೆ. ಕಣ್ಣು ಮುಚ್ಚಿಸಿ, ಅರ್ಧ ನಿಮಿಷ ಬಿಟ್ಟು ಓದಿ. ನಾಲ್ಕೈದು ಕಿಲೋ ವ್ಯತ್ಯಾಸ ನಾನು ಲೆಕ್ಕಕ್ಕೆ ಇಡುವುದಿಲ್ಲ. ಎಂಟು ಹತ್ತು ಕಿಲೋ ಒಂದೇ ಕಡೆ ಬಿದ್ದಿದ್ದರೆ ನೋವು ಯಾವ ಎಸ್‌ಐ ಕೀಲಿನದು ಎಂದು ಕೈ ಇಡುವ ಮೊದಲೇ ಅರ್ಧ ಗೊತ್ತಾಗುತ್ತದೆ. ದುಬಾರಿ ಒತ್ತಡ ಪಟ್ಟಿಯ ಯಂತ್ರ ಕೊಂಡವರು ನಗಬಹುದು, ನಗಲಿ.

ಆಮೇಲೆ ಎರಡು ಪರೀಕ್ಷೆ. ತೊಡೆಯನ್ನು 90 ಡಿಗ್ರಿಗೆ ಎತ್ತಿ ತೊಡೆಮೂಳೆಯ ಉದ್ದಕ್ಕೆ ನಿಧಾನ ಒತ್ತಿದಾಗ ಕುಂಡೆಯ ಆಳದಲ್ಲಿ ಗೊತ್ತಿರುವ ನೋವೇ ಎದ್ದರೆ ಅದು ಸೊಂಟದ ಹಿಂದಿನ ಕೀಲಿನದು, ಅಂದರೆ ಎಸ್‌ಐ ಕೀಲಿನದು. ಎರಡನೆಯದು, ಮಲಗಿದಲ್ಲೇ ಕಾಲನ್ನು ನೇರವಾಗಿ 20 ಸೆಂ.ಮೀ. ಎತ್ತಿಸುವುದು. ಭಾರವೆನಿಸಿದರೆ ಸೊಂಟದ ಎರಡೂ ಬದಿಯನ್ನು ಅಂಗೈಯಿಂದ ಒಳಕ್ಕೆ ಒತ್ತಿ ಹಿಡಿದು ಮತ್ತೆ ಎತ್ತಿಸಿ. ಹಗುರವಾದರೆ ಸೊಂಟ ಬಿಗಿದು ಹಿಡಿಯುವ ಬೆಲ್ಟ್ ಕೆಲಸ ಮಾಡುತ್ತದೆ, ಆಗದಿದ್ದರೆ ಬೆಲ್ಟ್ ಕೊಳ್ಳಿಸಬೇಡಿ. ಈ ಒಂದು ನಿಮಿಷದ ಪರೀಕ್ಷೆ ಮಾಡದೆ ಕೊಳ್ಳಿಸಿದ ಬೆಲ್ಟುಗಳು ಎಷ್ಟು ಬೀರುವಿನಲ್ಲಿ ಕೊಳೆಯುತ್ತಿವೆಯೋ.

ಮುಟ್ಟಬಾರದ ಕೇಸು ಯಾವುದೆಂದೂ ಹೇಳಬೇಕು. ಬೆನ್ನುನೋವು ಅಲೆ ಅಲೆಯಾಗಿ, ಲೆಕ್ಕ ಹಿಡಿದಂತೆ ಬಂದು ಹೋಗುತ್ತಿದ್ದರೆ ಅದು ಹೆರಿಗೆ ನೋವಿರಬಹುದು, ದಿನ ತುಂಬದಿದ್ದರೂ ಸರಿಯೇ. ರಕ್ತ ಅಥವಾ ನೀರು ಹೋಗುವುದು, ಜ್ವರ, ಉರಿಮೂತ್ರ, ಒಂದೇ ಮೀನಖಂಡದ ಊತ, ತಲೆನೋವಿನ ಜೊತೆ ಕಣ್ಣು ಮಂಜಾಗುವುದು, ಕಾಲಿನ ಬಲ ಕುಂದುವುದು, ಮೂತ್ರ ಕಟ್ಟುವುದು, ತೊಡೆಸಂದಿ ಮರಗಟ್ಟುವುದು: ಇವುಗಳಲ್ಲಿ ಒಂದಿದ್ದರೂ ಮೇಜಿನ ಮೇಲೆ ಹತ್ತಿಸದೆ ಆ ಕ್ಷಣವೇ ಆಸ್ಪತ್ರೆಗೆ. ರಾಡ್ ಹಾಕಿ ಬೆಸೆದ ಬೆನ್ನಾದರೆ ಬೆಸೆದ ಭಾಗಕ್ಕೆ ಒತ್ತು ಇಲ್ಲವೇ ಇಲ್ಲ. ಬಾಗು ದೊಡ್ಡದಿದ್ದು ನಾಲ್ಕು ಮೆಟ್ಟಿಲಿಗೇ ಏದುಸಿರು ಬರುತ್ತಿದ್ದರೆ ಮೊದಲು ಶ್ವಾಸಕೋಶದ ತಪಾಸಣೆ, ಬೆನ್ನು ಆಮೇಲೆ.

ಈಗ ಮೇಜಿನ ವಿಷಯ. ದುಡ್ಡು ಮಣ್ಣಾದದ್ದು ಇಲ್ಲಿ. ಹೊಟ್ಟೆಗೆ ಗುಂಡಿ ಇರುವ ಗರ್ಭಿಣಿಯರ ಮೇಜು ನೋಡಲು ಚೆಂದ, ಬೆನ್ನು ನೇರ ಇರುವವರಿಗೆ ಸೊಗಸಾಗಿ ಹೊಂದುತ್ತದೆ. ಆದರೆ ಗುಂಡಿ ಎರಡೂ ಕಡೆ ಸಮ, ಸ್ಕೋಲಿಯೋಸಿಸ್ ಮೈ ಸಮ ಇಲ್ಲ. ಒಂದು ಕಡೆಯ ಪಕ್ಕೆ ಮಾತ್ರ ಅಂಚಿಗೆ ಒತ್ತುತ್ತದೆ, ಹೊಟ್ಟೆ ಜೋತುಬಿದ್ದು ಸೊಂಟ ಇನ್ನಷ್ಟು ಒಳಬಾಗುತ್ತದೆ, ಹತ್ತು ನಿಮಿಷಕ್ಕೆ ಏಳುವಾಗ 'ಅಮ್ಮಾ'. ಈಗ ಆ ಮೇಜಿನ ಮೇಲೆ ಟವೆಲ್ ರಾಶಿ ಇಡುತ್ತೇನೆ. 20 ವಾರದ ನಂತರ ಅಂಗಾತ ಮಲಗಿಸುವುದನ್ನೂ ಕಡಿಮೆ ಮಾಡಿ. ಗರ್ಭದ ಭಾರ ದೊಡ್ಡ ರಕ್ತನಾಳದ ಮೇಲೆ ಕೂತು ತಲೆ ಸುತ್ತು ಬರುತ್ತದೆ. ಪರೀಕ್ಷೆಗೆ ಒಂದೆರಡು ನಿಮಿಷ ಬೇಕೇಬೇಕಾದರೆ ಬಲ ಸೊಂಟದ ಕೆಳಗೆ ಬೆಣೆ ಇಟ್ಟು ಎಡಕ್ಕೆ ವಾಲಿಸಿ.

ಉಳಿದದ್ದು ಮಗ್ಗುಲು ಭಂಗಿ, ಗುಟ್ಟೆಲ್ಲ ಇರುವುದು ಅದರಲ್ಲೇ. ಬೆನ್ನಿನ ಮೇಲ್ಭಾಗ ಬಲಕ್ಕೆ, ಸೊಂಟ ಎಡಕ್ಕೆ ಉಬ್ಬಿರುವುದು ಸಾಮಾನ್ಯ ನಮೂನೆ. ಇಂಥವರನ್ನು ಎಡಮಗ್ಗುಲಿಗೆ ಮಲಗಿಸಿ. ಎಡಸೊಂಟದ ಉಬ್ಬಿನ ಕೆಳಗೆ, ಕೊನೆಯ ಪಕ್ಕೆಲುಬು ಮತ್ತು ಸೊಂಟದ ಅಂಚಿನ ನಡುವಿನ ಟೊಳ್ಳಿಗೆ, ಬಿಗಿಯಾಗಿ ಸುತ್ತಿದ ಟವೆಲ್, ಸುಮಾರು ಆರೇಳು ಸೆಂ.ಮೀ. ದಪ್ಪ. ಸುರುಳಿ ಪಕ್ಕೆಯ ಮೇಲೆ ಹತ್ತಿದರೆ ಉಸಿರು ಕಟ್ಟುತ್ತದೆ, ಸೊಂಟದ ಮೂಳೆಯ ಮೇಲೆ ಇಳಿದರೆ ಕಾಲು ಜೋಮು ಹಿಡಿಯುತ್ತದೆ. ಎರಡು ಬೆರಳು ಅತ್ತಿತ್ತ ಆದರೂ ಕೆಡುತ್ತದೆ. ಹೊಟ್ಟೆಯ ಕೆಳಗೆ ತೆಳ್ಳನೆ ಬೆಣೆ. ಮಂಡಿಗಳ ನಡುವೆ ದಿಂಬು, ಅದು ಪಾದದ ತನಕ ಇರಲಿ. ಮಂಡಿಗೆ ಮಾತ್ರ ಇಟ್ಟರೆ ಪಾದ ಜೋತುಬಿದ್ದು ಸೊಂಟ ತಿರುಚುತ್ತದೆ. ಬಾಗು ತಿರುಗುಮುರುಗಾಗಿದ್ದರೆ ಮಗ್ಗುಲೂ ತಿರುಗುಮುರುಗು. ಹಿಂದಿನಿಂದ ಬೆರಳಾಡಿಸಿ ನೋಡಿ, ಬೆನ್ನಿನ ಮುಳ್ಳುಗಳ ಸಾಲು ಮೊದಲಿಗಿಂತ ನೇರವಾದಂತೆ ಕಂಡರೆ ಸುರುಳಿ ಸರಿಯಾದ ಜಾಗದಲ್ಲಿದೆ.

ಈ ಭಂಗಿಯಲ್ಲೇ ತಗ್ಗಿದ ಬದಿಯ ಸೊಂಟದ ಸ್ನಾಯು ಮತ್ತು ಕುಂಡೆಯನ್ನು ನಾಲ್ಕೈದು ನಿಮಿಷ ಮೆತ್ತಗೆ ಮಾಡಿ. ಉಬ್ಬಿದ ಬದಿಯ ಗಂಟು ಕೈಗೆ ಮೊದಲು ಸಿಗುತ್ತದೆ, ಎಲ್ಲರೂ ಅದನ್ನೇ ನಾದುತ್ತಾರೆ. ಅದು ಮೊದಲೇ ಎಳೆದು ನಿಂತ ಸ್ನಾಯು, ಬಿಟ್ಟುಬಿಡಿ.

ಸೇಕ್ರಮ್‌ಗೆ ವೆಬ್‌ಸ್ಟರ್ ವಿಧಾನ. ಹಿಮ್ಮಡಿಯನ್ನು ಕುಂಡೆಯ ಕಡೆ ಮಡಚಿದಾಗ ಯಾವ ಕಾಲು ಮೊದಲು ತಡೆಯುತ್ತದೋ ಆ ಬದಿಯ ಸೇಕ್ರಮ್ ಮೇಲೆ ಕೈ ಊರುವುದು, ನಿಮಗೆ ಗೊತ್ತಿರುವುದೇ. ಸ್ಕೋಲಿಯೋಸಿಸ್‌ನಲ್ಲಿ ಇದು ಸುಳ್ಳು ಹೇಳುತ್ತದೆ, ಏಕೆಂದರೆ ಸೊಂಟ ಓರೆಯಾಗಿರುವುದರಿಂದ ಒಂದು ಕಾಲು ಹೇಗೂ ತಡೆಯುತ್ತದೆ. ಎರಡು ಸಲ ನೋಡಿ: ಒಮ್ಮೆ ಸುರುಳಿ ಇಲ್ಲದೆ, ಒಮ್ಮೆ ಸುರುಳಿ ಇಟ್ಟು. ಸುರುಳಿ ಇಟ್ಟ ಮೇಲೆ ತಡೆ ಮಾಯವಾದರೆ ಒತ್ತೇ ಬೇಡ, ಆ ದಿನದ ಚಿಕಿತ್ಸೆ ಸುರುಳಿಯೇ. ತಡೆ ಉಳಿದರೆ ಡ್ರಾಪನ್ನು ಅತಿ ಹಗುರಕ್ಕೆ ಇಟ್ಟು ಎರಡು ಮೂರು ಸಲ, ಅಷ್ಟೆ. ಕೈರೋಪ್ರಾಕ್ಟರ್ ಲ್ಯಾರಿ ವೆಬ್‌ಸ್ಟರ್ 1980ರ ದಶಕದಲ್ಲಿ ಇದನ್ನು ರೂಪಿಸಿದ ಮೇಲೆ ತಲೆ ಮೇಲಾಗಿ ಕೂತ ಮಗು ತಿರುಗುತ್ತದೆಂದು ಮಾರುವವರು ಹುಟ್ಟಿಕೊಂಡರು. ನಾನು ಹಾಗೆ ಮಾರುವುದಿಲ್ಲ, ಸೊಂಟಕ್ಕೆ ಮಾಡುತ್ತೇನೆ. ಓರೆ ಸೊಂಟದ ಮೇಲೆ ಅಂಗೈಯ ಯಾವ ಭಾಗ ಊರಬೇಕು, ಬಲ ಯಾವ ಕೋನದಲ್ಲಿ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಓದಿ ಮಾಡಿದರೆ ಕೆಡುತ್ತದೆ, ಕೈಯಿಂದ ಕೈಗೇ ದಾಟಬೇಕು.

ಪಕ್ಕೆಗೆ ಉಸಿರೇ ಔಷಧ. ಬಸಿರಿನಲ್ಲಿ ಪಕ್ಕೆಲುಬಿನ ಕೆಳಕೋನ ಸುಮಾರು 68 ಡಿಗ್ರಿಯಿಂದ 103ಕ್ಕೆ ಅಗಲುತ್ತದೆ, ವಪೆ (ಎದೆ-ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಹತ್ತಿರ ಹತ್ತಿರ 4 ಸೆಂ.ಮೀ. ಮೇಲೇರುತ್ತದೆ. ತಗ್ಗಿದ ಬದಿಯ ಪಕ್ಕೆ ಅಗಲದು, ಉಬ್ಬಿದ ಬದಿ ಅದರ ಪಾಲನ್ನೂ ಹೊರುತ್ತದೆ. ಎದೆಯ ಕೆಳಗಿನ ಉರಿಯುವ ನೋವಿಗೆ ಹಲವು ಸಲ ಇದೇ ಕಾರಣ. ಸ್ಕೋಲಿಯೋಸಿಸ್‌ಗೆ ವ್ಯಾಯಾಮ ರೂಪಿಸಿದ ಕತರೀನಾ ಶ್ರೋಟ್ 1920ರ ದಶಕದಲ್ಲೇ ಜರ್ಮನಿಯಲ್ಲಿ ಹೇಳಿಕೊಟ್ಟ ತಗ್ಗಿನ ಬದಿಯ ಉಸಿರಾಟ ಇಲ್ಲಿ ಹೇಳಿ ಮಾಡಿಸಿದ ಹಾಗಿದೆ. ತಗ್ಗಿಗೆ ಬೆರಳು ಇಟ್ಟು 'ನನ್ನ ಬೆರಳನ್ನು ಉಸಿರಿನಿಂದ ತಳ್ಳಿ' ಎನ್ನಿ. ಐದು ಉಸಿರು, ವಿರಾಮ, ಒಟ್ಟು ಮೂರು ಸುತ್ತು. ಉಸಿರು ಬಿಗಿ ಹಿಡಿಯಬಾರದು, ತಲೆ ಹಗುರವೆನಿಸಿದರೆ ನಿಲ್ಲಿಸಬೇಕು. ಪಕ್ಕೆಗೆ ಕೈ ಒತ್ತು ಕೊಡುವುದನ್ನು ನಿಲ್ಲಿಸಿದ್ದೇನೆ, ಬೇಕೆನಿಸಿದರೆ ಆಕ್ಟಿವೇಟರಿನ ಕನಿಷ್ಠ ಬಲ.

ಬೆಲ್ಟ್ ಹೊಟ್ಟೆಗೆ ಕಟ್ಟುವುದಲ್ಲ. ತೊಡೆಯ ಪಕ್ಕದ ಗಟ್ಟಿ ಮೂಳೆಯ ಸ್ವಲ್ಪ ಮೇಲೆ, ಮುಂದೆ ಗುಪ್ತಾಂಗದ ಮೂಳೆಯ ಮಟ್ಟಕ್ಕೆ. ಓರೆ ಸೊಂಟದಲ್ಲಿ ಎತ್ತರದ ಬದಿಗೆ ಅದು ಅರ್ಧ ಗಂಟೆಯಲ್ಲಿ ಮೇಲೆ ಸರಿಯುತ್ತದೆ. ಸೊಂಟ ಕೆಳಗಿರುವ ಬದಿಗೆ ಮಡಚಿದ ಬಟ್ಟೆಯ ಪಟ್ಟಿ ತುರುಕಿ ಸುತ್ತಳತೆ ಸಮ ಮಾಡಿದರೆ ನಿಲ್ಲುತ್ತದೆ. ನಡೆಯುವಾಗ, ನಿಲ್ಲುವಾಗ ಮಾತ್ರ. ಒಮ್ಮೆಗೆ ಎರಡು ಗಂಟೆ ಸಾಕು. ರಾತ್ರಿ ಬಿಚ್ಚಿ, ಟವೆಲ್ ಸುರುಳಿ ಇಟ್ಟು ಮಲಗಲಿ. ನಿದ್ದೆಯಲ್ಲಿ ಮಗ್ಗುಲು ತಿರುಗಿ ಎಚ್ಚರವಾದರೆ ಮತ್ತೆ ಜೋಡಿಸಿಕೊಂಡರಾಯಿತು.

ನಡುನಡುವೆ ಮಾಡಿದ ಕಪಿಚೇಷ್ಟೆಗಳೂ ಇವೆ. ಕುಳ್ಳಗಿನ ಕಾಲಿಗೆ 3 ಮಿ.ಮೀ. ಹಿಮ್ಮಡಿ ಪಟ್ಟಿ ಇಟ್ಟಾಗ ತೂಕದ ಯಂತ್ರಗಳು ತಕ್ಷಣ ಸಮ ತೋರಿಸಿದವು. ನಾಲ್ಕನೆಯ ದಿನಕ್ಕೆ ನೋವು ಮೊದಲಿಗಿಂತ ಜಾಸ್ತಿ. ಆ ಓರೆ ಬಾಗಿನ ಸಮತೋಲಕ್ಕೆ ದೇಹವೇ ಮಾಡಿಕೊಂಡದ್ದು, ಬಸಿರಿನ ನಡುವೆ ಅದನ್ನು ಕಿತ್ತರೆ ಮೇಲಿನದೆಲ್ಲ ಹೊಸದಾಗಿ ಹೊಂದಿಕೊಳ್ಳಬೇಕು. ಕೈನೀಸಿಯೋ ಟೇಪ್ (ಚರ್ಮಕ್ಕೆ ಅಂಟಿಸುವ ಹಿಗ್ಗುವ ಪಟ್ಟಿ) ಸೊಂಟಕ್ಕೆ ಪರವಾಗಿಲ್ಲ, ಹಿಗ್ಗಿದ ಹೊಟ್ಟೆಯ ಚರ್ಮಕ್ಕೆ ತುರಿಕೆ ಹತ್ತಿಸುತ್ತದೆ. ಗೆದ್ದದ್ದು ನೀರು. ಎದೆಮಟ್ಟದ ನೀರಿನಲ್ಲಿ ಕಾಲಿಗೆ ಬರುವುದು ಮೈಭಾರದ ಮೂರರಲ್ಲೊಂದು ಪಾಲಷ್ಟೆ. ಹದಿನೈದು ಇಪ್ಪತ್ತು ನಿಮಿಷ ಸುಮ್ಮನೆ ನಡೆದರೂ ಸಾಕು, ನೀರು ಬೆಚ್ಚಗಿರಲಿ, ಬಿಸಿ ಬೇಡ.

ಎಷ್ಟು ಸಿಟ್ಟಿಂಗ್? ಮೊದಲ ಮೂರು ಸಿಟ್ಟಿಂಗ್ ವಾರಕ್ಕೊಂದರಂತೆ, ಆಮೇಲೆ ಹದಿನೈದು ದಿನಕ್ಕೊಂದು, ಒಟ್ಟು ಆರರಿಂದ ಎಂಟು. ಹತ್ತರಲ್ಲಿ ಏಳು ಎನ್ನುತ್ತಿದ್ದ ನೋವು ಮೂರನೆಯ ಸಿಟ್ಟಿಂಗಿಗೆ ಐದಕ್ಕಾದರೂ ಇಳಿಯದಿದ್ದರೆ ನಿಲ್ಲಿಸಿ ಬೇರೆಯವರಿಗೆ ಕಳಿಸುತ್ತೇನೆ. 24 ಸಿಟ್ಟಿಂಗಿನ ಮುಂಗಡ ಪ್ಯಾಕೇಜ್ ಮಾರುವವರ ಲೆಕ್ಕ ನನಗೆ ಅರ್ಥವಾಗಿಲ್ಲ. ಉಳಿದಿರುವುದು ಹದಿನಾರು ವಾರವಾದರೆ ಇಪ್ಪತ್ನಾಲ್ಕು ಎಲ್ಲಿ ತುರುಕುತ್ತಾರೆ?

ಕೊನೆಗೊಂದು ಕಾಗದ. 32 ವಾರದ ಹೊತ್ತಿಗೆ ಹಳೆಯ ಎಕ್ಸ್‌ರೇ ಜೊತೆ ಅರಿವಳಿಕೆ ತಜ್ಞರಿಗೆ ಅರ್ಧ ಪುಟ ಬರೆದು ಕೊಡುತ್ತೇನೆ: ಸೊಂಟದ ಬಾಗು ಯಾವ ಕಡೆಗೆ ಉಬ್ಬಿದೆ, ತುದಿ ಯಾವ ಮೂಳೆಯಲ್ಲಿ, ರಾಡ್ ಇದ್ದರೆ ಎಲ್ಲಿಂದ ಎಲ್ಲಿಗೆ. ತಿರುಚಿದ ಮೂಳೆಯ ಮುಳ್ಳು ತಗ್ಗಿನ ಕಡೆ ವಾಲಿರುತ್ತದೆ, ಮುಳ್ಳನ್ನೇ ನಂಬಿ ನೇರ ಹೋದರೆ ಹೆರಿಗೆ ನೋವು ತಗ್ಗಿಸಲು ಬೆನ್ನಿಗೆ ಚುಚ್ಚುವ ಎಪಿಡ್ಯೂರಲ್ ಸೂಜಿ ದಾರಿ ತಪ್ಪುತ್ತದೆ, ಉಬ್ಬಿನ ಕಡೆಗೆ ಓರೆ ಹಿಡಿಯಬೇಕು. ಅವರಿಗೆ ಇದು ಗೊತ್ತಿಲ್ಲವೆಂದಲ್ಲ. ನಡುರಾತ್ರಿ, ನೋವು ಏರಿದಾಗ, ಬಾಗು ಎಡಕ್ಕೋ ಬಲಕ್ಕೋ ಎಂದು ಬಸುರಿಯನ್ನೇ ಕೇಳುತ್ತಾ ನಿಲ್ಲುವುದು ತಪ್ಪಲಿ ಎಂದು ಅಷ್ಟೆ. ಈ ಕಾಗದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ. ನನ್ನ ಕೈಚಳಕಕ್ಕಿಂತ ಹೆಚ್ಚಾಗಿ ಹೆರಿಗೆ ವಿಭಾಗದವರ ಅನುಮಾನ ಕರಗಿಸಿದ್ದು ಅದೇ ಅರ್ಧ ಪುಟ.