ಒಂದೇ ಪದ್ಯ, ಇಬ್ಬರು ಭಾಗವತರು: ಕೇಳಿ ಹೋಲಿಸುವುದು ಹೇಗೆ

ನನ್ನ ತವರು ಕಿನ್ನಿಗೋಳಿ. ಕಟೀಲಿಗೆ ಹತ್ತಿರ. ಚಿಕ್ಕಂದಿನಿಂದ ಕಿವಿಯಲ್ಲಿ ತುಂಬಿದ್ದು ತೆಂಕುತಿಟ್ಟಿನ, ಅಂದರೆ ಯಕ್ಷಗಾನದ ದಕ್ಷಿಣದ ಶೈಲಿಯ ಪದ್ಯ. ಮದುವೆಯಾಗಿ ಬಂದದ್ದು ಕೋಟಕ್ಕೆ. ಇಲ್ಲಿ ಬಡಗುತಿಟ್ಟು, ಉತ್ತರದ ಶೈಲಿ. ಯಕ್ಷಗಾನದ ಆಟದಲ್ಲಿ ಪದ್ಯ ಹೇಳುವವರೇ ಭಾಗವತರು. ಅಪ್ಪನಿಗೆ ತೆಂಕಿನ ಬಲಿಪ ನಾರಾಯಣ ಭಾಗವತರೆಂದರೆ ಪ್ರಾಣ. ಮಾವನಿಗೆ ಬಡಗಿನ ಗುಂಡ್ಮಿ ಕಾಳಿಂಗ ನಾವಡರು. ಬೀಗರೂಟದ ದಿನ ಇಬ್ಬರೂ ಚಾವಡಿಯಲ್ಲಿ ಕೂತು ಮಾತಿಗಿಳಿದರು. "ನಾವಡರ ಸ್ವರ ಚಂದವೇ, ಆದರೆ ಕೇಳಿದರೆ ಸಿನಿಮಾ ಪದ್ಯದ ಹಾಗಾಗ್ತದೆ" ಎಂದರು ಅಪ್ಪ. "ನಿಮ್ ಬದಿಯಂಗೆ ಪದ್ಯ ಹೇಳೂದಲ್ಲ ಮಾರ್ರೆ, ಕೂಗೂದ್" ಎಂದರು ಮಾವ. ಎಲೆ ಹಾಕಿ ಕರೆದರೂ ಇಬ್ಬರೂ ಏಳಲಿಲ್ಲ.

ಆಗ ನನಗೆ ಯಾರ ಪರ ಮಾತಾಡಬೇಕು ಎಂದೇ ತಿಳಿಯಲಿಲ್ಲ. ಆಮೇಲೆ ಹೊಲಿಗೆ ಅಂಗಡಿ ಇಟ್ಟೆ. ಮೆಷಿನ್ ಪಕ್ಕದಲ್ಲಿ ದಿನವಿಡೀ ಪದ್ಯ ಹಾಕಿಕೊಂಡು ಕೇಳುತ್ತಾ ಕೇಳುತ್ತಾ ಒಂದು ಕ್ರಮ ಕಂಡುಕೊಂಡೆ. ನಿಮ್ಮ ಮನೆಯಲ್ಲೂ ಇಂಥ ಜಗಳ ಇದ್ದರೆ ಇದು ಉಪಯೋಗಕ್ಕೆ ಬರಬಹುದು.

ಮೊದಲು ರೆಕಾರ್ಡಿಂಗ್ ಸರಿಯಾದದ್ದು ಆರಿಸಿಕೊಳ್ಳಿ. ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆಂದರೆ, ಮಾವನ ಟೇಪ್ ರೆಕಾರ್ಡರಿನ ಮೋಟಾರು ಸ್ವಲ್ಪ ಜೋರಾಗಿ ಓಡುತ್ತಿತ್ತು. ಟೇಪು ಜೋರಾಗಿ ಓಡಿದರೆ ಕಾಲ ಮಾತ್ರ ಅಲ್ಲ, ಶ್ರುತಿಯೂ ಏರುತ್ತದೆ. ನಾವಡರ ಶ್ರುತಿ ಅಷ್ಟು ಮೇಲೆ ಎಂದು ನಾನು ವರ್ಷಗಟ್ಟಲೆ ನಂಬಿದ್ದೆ. ಪಕ್ಕದ ಮನೆಯ ಹಾರ್ಮೋನಿಯಂನಲ್ಲಿ ಒಂದು ದಿನ ಶ್ರುತಿಯ ಮನೆ (ಕೀಲಿ) ಹಿಡಿದು ನೋಡಿದಾಗ ಎರಡು ಮನೆಗಳ ನಡುವೆ ಎಲ್ಲೋ ನಿಂತಿತ್ತು. ಹಿಮ್ಮೇಳ, ಅಂದರೆ ಹಾಡುವವರು, ಬಾರಿಸುವವರು, ಹಾಗೆ ನಡುವಿನ ಶ್ರುತಿಯಲ್ಲಿ ಕೂತುಕೊಳ್ಳುವುದಿಲ್ಲವಲ್ಲ. ಬೇರೆ ಟೇಪ್ ರೆಕಾರ್ಡರಿನಲ್ಲಿ ಅದೇ ಕ್ಯಾಸೆಟ್ ಹಾಕಿದರೆ ಸ್ವರವೇ ಬೇರೆ, ಇನ್ನೂ ತುಂಬಿದ ಸ್ವರ. ಈಗ ಮೊಬೈಲಿನಲ್ಲಿ ಬರುವ ತುಣುಕುಗಳಲ್ಲಿ ಎಕೋ ತುಂಬಿಸಿರುತ್ತಾರೆ. ಎಕೋ ಇದ್ದರೆ ಯಾರ ಉಸಿರು ಎಲ್ಲಿ ಮುಗಿಯಿತು ಎಂದೇ ಗೊತ್ತಾಗುವುದಿಲ್ಲ. ಚೆಂಡೆ ಮದ್ದಳೆ ಬೇರೆ ಬೇರೆಯಾಗಿ ಕೇಳುವ, ಒಂದು ಇಡೀ ಪದ್ಯ ಇರುವ ರೆಕಾರ್ಡಿಂಗ್ ಹುಡುಕಿ.

ಒಂದೇ ಪ್ರಸಂಗದ (ಆಡುವ ಕಥೆಯ) ಒಂದೇ ಪದ್ಯವನ್ನು ಇಬ್ಬರ ಬಾಯಲ್ಲೂ ಕೇಳಿ. ಒಬ್ಬರ ಯುದ್ಧದ ಪದ್ಯ, ಇನ್ನೊಬ್ಬರ ಕರುಣ ರಸದ ಪದ್ಯ ಎದುರುಬದುರು ಇಟ್ಟರೆ ಏನೂ ಸಿಗುವುದಿಲ್ಲ.

ಮೊದಲ ಸಲ ಕೇಳುವಾಗ ಸ್ವರದ ಕಡೆ ಗಮನ ಬೇಡ, ಅಕ್ಷರ ಮಾತ್ರ ಹಿಡಿಯಿರಿ. ನಾನು ಬಿಲ್ ಪುಸ್ತಕದ ಹಿಂದೆ ಪೆನ್ಸಿಲಿನಲ್ಲಿ ಬರೆಯುತ್ತೇನೆ. ಪ್ರಸಂಗ ಪುಸ್ತಕ ನೋಡದೆ, ಕೇಳಿದ ಹಾಗೇ. ತಿಳಿಯದ ಕಡೆ ಒಂದು ಗೀಟು. ಆಮೇಲೆ ಪುಸ್ತಕ ತೆಗೆದು ಹೋಲಿಸುವುದು. ಬಲಿಪರ ಪದ್ಯಕ್ಕೆ ನನ್ನ ಹಾಳೆಯಲ್ಲಿ ಗೀಟು ತೀರಾ ಕಡಿಮೆ. ಅಷ್ಟು ಏರು ಶ್ರುತಿಯಲ್ಲಿ, ಚೆಂಡೆ ಬಡಿಯುತ್ತಿರುವಾಗಲೂ ಒತ್ತಕ್ಷರ ಒತ್ತಕ್ಷರವಾಗಿಯೇ ಕಿವಿಗೆ ಬೀಳುತ್ತದೆ. ಪದ ಎಲ್ಲಿ ತುಂಡಾಗುತ್ತದೆ ಎಂದೂ ನೋಡಿ. 'ಕಮಲನಯನ' ಎಂಬಲ್ಲಿ 'ಕಮಲನ' ಎಂದು ನಿಲ್ಲಿಸಿ ಉಸಿರು ತೆಗೆದು 'ಯನ' ಎಂದರೆ ಅರ್ಥ ಮುರಿಯಿತು, ಅಲ್ವಾ? ರಾಗ ಎಷ್ಟೇ ಇಂಪಾಗಿರಲಿ, ನನಗೆ ಅದು ದೊಡ್ಡ ಕೊರತೆ.

ಎರಡನೇ ಸಲ ತೊಡೆಯ ಮೇಲೆ ತಾಳ ಹಾಕುತ್ತಾ ಕೇಳಿ. ರೂಪಕ ತಾಳಕ್ಕೆ 6, ತ್ರಿವುಡೆಗೆ 7, ಝಂಪೆಗೆ 10, ಅಷ್ಟಕ್ಕೆ 14 ಅಕ್ಷರ, ಅಂದರೆ ಎಣಿಕೆ. ಲೆಕ್ಕ ತಪ್ಪಿದರೆ ಗಾಬರಿ ಬೇಡ, ಮತ್ತೆ ಮೊದಲಿಂದ ಹಿಡಿಯಿರಿ. ಎತ್ತುಗಡೆ (ತಾಳದಲ್ಲಿ ಪದ್ಯ ಶುರುವಾಗುವ ಜಾಗ) ಎಲ್ಲಿ, ಸಾಲು ಮುಗಿದ ಮೇಲೆ ಮತ್ತೆ ಸೇರುವುದು ಎಲ್ಲಿ, ಇದಿಷ್ಟು ಕೇಳಿದರೆ ಸಾಕು. ನೆನಪಿಡಿ, ಭಾಗವತರು ಬರೀ ಹಾಡುಗಾರರಲ್ಲ. ತೆಂಕಿನಲ್ಲಿ ಜಾಗಟೆ, ಬಡಗಿನಲ್ಲಿ ತಾಳ ಅವರ ಕೈಯಲ್ಲೇ ಇರುತ್ತದೆ. ಕುಣಿಯುವವರ ಕಾಲು, ಮದ್ದಳೆಯವರ ಕೈ, ಎರಡೂ ಅವರನ್ನೇ ಕಾಯುತ್ತಿರುತ್ತವೆ.

ಮೂರನೇ ಸಲ ಶ್ರುತಿ. ಮೊಬೈಲಿನಲ್ಲಿ ಶ್ರುತಿಪೆಟ್ಟಿಗೆ ಸಿಗುತ್ತದೆ. ಪದ್ಯಕ್ಕೆ ಹೊಂದುವ ಮನೆ ಹಿಡಿದು ಸಣ್ಣಗೆ ಇಟ್ಟುಕೊಳ್ಳಿ. ಚೆಂಡೆ ಜೋರಾಗಿ ಬಾರಿಸಿ ನಿಂತ ಕ್ಷಣದಲ್ಲಿ ಭಾಗವತರು ಮತ್ತೆ ಬಾಯಿ ತೆರೆಯುತ್ತಾರಲ್ಲ, ಅಲ್ಲಿ ಕಿವಿ ಕೊಡಿ. ಸ್ವರ ಶ್ರುತಿಗೇ ಬಂದು ಕೂತಿತಾ, ಇಲ್ಲ ಒಂದೆಳೆ ಕೆಳಗೆ ಇಳಿಯಿತಾ? ಆ ಜಾಗದಲ್ಲಿ ಯಾರಿಗೂ ಮುಚ್ಚಿಡಲು ಆಗುವುದಿಲ್ಲ.

ಇನ್ನು ಜಗಳದ ಮೂಲಕ್ಕೆ ಬರುತ್ತೇನೆ. ಅಪ್ಪ ಬಲಿಪರನ್ನು ಹೊಗಳುವಾಗ "ಕಂಚಿನ ಕಂಠ" ಎನ್ನುತ್ತಿದ್ದದ್ದೂ ಮಾವ "ಕೂಗೂದ್" ಎಂದದ್ದೂ ಒಂದೇ ಗುಣವನ್ನು. ಮೈಕ್ ಇಲ್ಲದ ಕಾಲದಲ್ಲಿ ಕೊಯ್ಲು ಮುಗಿದ ಗದ್ದೆಯಲ್ಲಿ ಆಟ. ಚೆಂಡೆಯನ್ನು ದಾಟಿ, ಗದ್ದೆಯ ಕೊನೆಯ ಬದುವಿನಲ್ಲಿ ಕೂತವನಿಗೂ ಪದ್ಯ ಕೇಳಬೇಕು. ಅದಕ್ಕೇ ಏರು ಶ್ರುತಿ, ಬಿಟ್ಟ ಬಾಯಿ, ಬಾಣದ ಹಾಗೆ ನೇರ ಹೋಗುವ ಸ್ವರ. ಬಲಿಪರು ಹುಟ್ಟಿದ್ದು 1938ರಲ್ಲಿ. ಭಾಗವತರಾಗಿದ್ದ ಅಜ್ಜನಿಂದ ಬಂದ ಆ ಹಾಡಿಕೆಯನ್ನು 2023ರಲ್ಲಿ ತೀರಿಕೊಳ್ಳುವವರೆಗೂ ಬಿಡಲಿಲ್ಲ. ನಾವಡರು 1958ರಲ್ಲಿ ಹುಟ್ಟಿದವರು, ಮೈಕಿನ ಕಾಲದವರು. ಮೈಕ್ ಇದ್ದರೆ ಪಿಸುಮಾತಿನಷ್ಟು ಸಣ್ಣ ಸ್ವರವೂ ಕೊನೆಯ ಸಾಲಿಗೆ ಮುಟ್ಟುತ್ತದೆ. ಕರುಣ, ಶೃಂಗಾರದ ಪದ್ಯಗಳಲ್ಲಿ ಅವರು ಸ್ವರವನ್ನು ಹಾಗೆ ಇಳಿಸಿ, ಎಳೆದು, ಹೊಸ ರಾಗ ತಂದು ಹಾಡಿದರು. ಹಾಗಂತ ಅವರು ಎಲ್ಲಿಂದಲೋ ತಂದದ್ದಲ್ಲ. ಅವರ ಗುರು ನಾರಣಪ್ಪ ಉಪ್ಪೂರರು, ಹಳೆಯ ಕ್ರಮವನ್ನು ಗಟ್ಟಿಯಾಗಿ ಹಿಡಿದವರು. 1990ರಲ್ಲಿ ರಸ್ತೆ ಅಪಘಾತದಲ್ಲಿ ಹೋದಾಗ ನಾವಡರಿಗೆ ಇನ್ನೂ 32 ತುಂಬಿರಲಿಲ್ಲ. ಮಾವ ಆ ವಿಷಯ ಬಂದರೆ ಈಗಲೂ ಎದ್ದು ಒಳಗೆ ಹೋಗುತ್ತಾರೆ.

ಹಾಗಾಗಿ ಒಂದು ಸ್ವರ ಕೇಳುವ ಮೊದಲು ಅದು ಯಾವ ಜಾಗಕ್ಕೆ, ಎಷ್ಟು ದೂರಕ್ಕೆ ತಯಾರಾದ ಸ್ವರ ಎಂದು ಕೇಳಿಕೊಳ್ಳಿ. ಹೆಂಗಸರ ಸ್ವರಕ್ಕೂ ಇದೇ ಮಾತು. ಲೀಲಾವತಿ ಬೈಪಾಡಿತ್ತಾಯರು ಮೇಳಗಳಲ್ಲಿ, ಅಂದರೆ ಯಕ್ಷಗಾನ ತಂಡಗಳಲ್ಲಿ, ರಾತ್ರಿಯಿಡೀ ಪದ್ಯ ಹೇಳಿದವರು. ಗಂಡಸರ ಸ್ವರಕ್ಕೆ ಒಗ್ಗಿದ ಕಿವಿಯಿಂದಲೇ ಅವರನ್ನು ಕೇಳಿ "ಗತ್ತು ಇಲ್ಲ" ಎನ್ನುವವರನ್ನು ಕಂಡಿದ್ದೇನೆ. ನನಗೆ ಬೇಸರ ಬರುತ್ತದೆ. ಕರ್ನಾಟಕ ಸಂಗೀತ ಕಲಿತ ಗಂಟಲು ಅದು. ರಾಗದ ಹಿಡಿತ ಕೇಳಿ, ಆಮೇಲೆ ಮಾತಾಡಿ.

ಆಲಾಪನೆ ಎಷ್ಟಿರಬೇಕು ಎಂಬ ವಾದ ಈಗ ಜಾಸ್ತಿ. ತೆಂಕಿನ ಈಗಿನ ಭಾಗವತರಾದ ಪಟ್ಲ ಸತೀಶ ಶೆಟ್ಟಿಯವರ ಆಲಾಪನೆಗೆ ನನ್ನ ಮಗ ಕಣ್ಣು ಮುಚ್ಚಿ ಕೂರುತ್ತಾನೆ. ಅಪ್ಪ ಇದ್ದಿದ್ದರೆ "ಪದ್ಯ ಯಾವಾಗ?" ಎಂದು ಕೇಳುತ್ತಿದ್ದರು. ಇದನ್ನು ಮನೆಯಲ್ಲಿ ಕೂತು ತೀರ್ಮಾನ ಮಾಡಬೇಡಿ, ಆಟಕ್ಕೆ ಹೋಗಿ. ಸ್ಪೀಕರ್ ಪಕ್ಕ ಬೇಡ, ನಡುವಿನಲ್ಲಿ ಕೂತುಕೊಳ್ಳಿ. ಆಲಾಪನೆ ನಡೆಯುವಾಗ ಭಾಗವತರನ್ನು ನೋಡಬೇಡಿ, ವೇಷವನ್ನು ನೋಡಿ. ದಮಯಂತಿ ಕಾಡಿನಲ್ಲಿ ಒಬ್ಬಳೇ ನಿಂತಿದ್ದಾಳೆ, ಸ್ವರ ಏರಿದ ಹಾಗೆ ಅವಳ ಕೈ ನಿಧಾನ ಎದೆಗೆ ಬರುತ್ತದೆ ಎಂದಿಟ್ಟುಕೊಳ್ಳಿ. ಆ ಆಲಾಪನೆಗೆ ಕೆಲಸ ಇದೆ, ಎಷ್ಟು ಹೊತ್ತಾದರೂ ಇರಲಿ. ವೇಷಧಾರಿ ಏನೂ ತೋಚದೆ ಸೊಂಟದ ಪಟ್ಟಿ ಸರಿಮಾಡಿಕೊಳ್ಳುತ್ತಾ ನಿಂತಿದ್ದರೆ ಅದು ಜಾಸ್ತಿಯಾಯಿತು. ಕಟೀಲಿನ ದೇವಿ ಮಹಾತ್ಮೆ ಪ್ರಸಂಗದಲ್ಲಿ ಮಹಿಷಾಸುರ ಜನರ ನಡುವಿನಿಂದ ದೊಂದಿ ಹಿಡಿದು ಬರುವ ಹೊತ್ತಿಗೆ ಯಾರಿಗೂ ಆಲಾಪನೆ ಬೇಡ. ಅಲ್ಲಿ ಬೇಕಾದದ್ದು ಅಪ್ಪ ಹೇಳುತ್ತಿದ್ದ ಆ ಕಂಚಿನ ಕಂಠವೇ.

ರಾತ್ರಿಯಿಡೀ ಆಟ ಸಿಕ್ಕಿದರೆ ಬಿಡಬೇಡಿ. ಹತ್ತು ಗಂಟೆಯ ಸ್ವರ ಬೇರೆ, ಬೆಳಗಿನ ನಾಲ್ಕರ ಸ್ವರ ಬೇರೆ. ಪತ್ತನಾಜೆಗೆ (ಮೇ ಕೊನೆಯ ಹೊತ್ತಿಗೆ ಬರುವ ತುಳುನಾಡಿನ ವಿಶೇಷ ದಿನ) ಮೇಳಗಳು ತಿರುಗಾಟ ಮುಗಿಸುತ್ತವೆ, ಅದಕ್ಕೆ ಮುಂಚೆ ಎರಡು ತಿಟ್ಟಿನ ಒಂದೊಂದು ಆಟವಾದರೂ ನೋಡಿ.

ಮಾತಾಡುವಾಗ ಸುಮ್ನೆ "ಅವರೇ ಮೇಲು" ಎನ್ನಬೇಡಿ. ಅಕ್ಷರವಾ, ತಾಳವಾ, ಶ್ರುತಿಯಾ, ರಸವಾ, ಯಾವುದು ಹಿಡಿಸಿತು ಎಂದು ಹೆಸರು ಹಿಡಿದು ಹೇಳಿ. ಎದುರಿನವರಿಗೂ ಅದನ್ನೇ ಕೇಳಿ.

ಹೋದ ಮಳೆಗಾಲದಲ್ಲಿ ಮಾವನಿಗೆ ಹೀಗೇ ಬಲಿಪರ ಒಂದು ಪದ್ಯ ಹಾಕಿಕೊಟ್ಟು, ಬಿಲ್ ಪುಸ್ತಕ, ಪೆನ್ಸಿಲ್ ಕೈಗೆ ಕೊಟ್ಟೆ. ಮೊದಲು ಬೇಡ ಎಂದರು. ಆಮೇಲೆ ಕನ್ನಡಕ ಹಾಕಿಕೊಂಡು ಬರೆದರು. ಮುಗಿದ ಮೇಲೆ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, "ಹೆಣೆ, ಇನ್ನೊಂದ್ ಸಲ ಹಾಕ್. ಒಂದ್ ಅಕ್ಷರನೂ ನುಂಗ್ಲಿಲ್ಲ ಕಾಣ್" ಎಂದರು.